ಹತ್ತು ವರ್ಷದ ಮಗುವಿಗೆ ಯಾವ ಪುಸ್ತಕ ಕೊಡೋಣ?

ಈ ಸಲ ಬಂದ ಕಾಗದಗಳಲ್ಲಿ ಮುಕ್ಕಾಲು ಪಾಲು 8ರಿಂದ 12 ವರ್ಷದ ಮಕ್ಕಳ ಓದಿನ ಬಗ್ಗೆಯೇ ಇವೆ. ಅದಕ್ಕೇ ಈ ಸಂಚಿಕೆಯ ಅಂಕಣವನ್ನು ಪೂರ್ತಿ ಅವರಿಗೇ ಬಿಟ್ಟಿದ್ದೇನೆ.

ಹೊಸ ಓದುಗರಿಗೆ ನನ್ನ ಪರಿಚಯ ಎರಡು ಮಾತಿನಲ್ಲಿ ಹೇಳುತ್ತೇನೆ. ನಾನು ಸಾಗರ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ 31 ವರ್ಷ ಪಾಠ ಮಾಡಿದವಳು. ಶನಿವಾರದ ಕೊನೆಯ ಪೀರಿಯಡ್ ನನ್ನದಾಗಿತ್ತು. ಆಗ ಪಾಠ ಇಲ್ಲ, ಬರೀ ಕತೆ ಪುಸ್ತಕ. ಪುಸ್ತಕಗಳು ಇರುತ್ತಿದ್ದದ್ದು ಒಂದು ಹಳೇ ತಗಡಿನ ಟ್ರಂಕಿನಲ್ಲಿ. ಮಕ್ಕಳು ಅದನ್ನು 'ಪೆಟ್ಟಿಗೆ ಪೀರಿಯಡ್' ಅನ್ನುತ್ತಿದ್ದರು. ಇಲ್ಲಿ ನಾನು ಹೇಳುವುದೆಲ್ಲ ಆ ಪೆಟ್ಟಿಗೆಯ ಮುಂದೆ ಕೂತು ಕಲಿತದ್ದು.

ಮಗನಿಗೆ 10 ವರ್ಷ, ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ಕನ್ನಡ ಚೆನ್ನಾಗಿ ಮಾತಾಡುತ್ತಾನೆ. ಇಂಗ್ಲಿಷಿನಲ್ಲಿ ದಪ್ಪ ದಪ್ಪ ಪುಸ್ತಕ ಓದುತ್ತಾನೆ. ಕನ್ನಡ ಪುಸ್ತಕ ಕೊಟ್ಟರೆ ಅಕ್ಷರ ಕೂಡಿಸಿ ಕೂಡಿಸಿ ಓದಿ, ಎರಡನೇ ಪುಟಕ್ಕೆ ಮುಚ್ಚಿಡುತ್ತಾನೆ. ಸುಲಭವಾಗಿರಲಿ ಅಂತ ಚಿಕ್ಕವರ ಪುಸ್ತಕ ತಂದರೆ "ಇದು ಎಲ್‌ಕೆಜಿ ಪುಸ್ತಕ" ಅಂತ ಸಿಟ್ಟಾಗುತ್ತಾನೆ. ಏನು ಮಾಡಲಿ?
— ಒಬ್ಬ ತಾಯಿ, ಹಾಸನ

ನಿಮ್ಮ ಮಗನ ಸಿಟ್ಟು ಸರಿಯಾಗಿಯೇ ಇದೆ. ಕನ್ನಡದಲ್ಲಿ ಅವನ ಕಿವಿಗೆ 10 ವರ್ಷ, ಕಣ್ಣಿಗೆ ಮಾತ್ರ 6. ಕೇಳಿದರೆ ಎಂಥ ಕತೆಯಾದರೂ ತಿಳಿಯುತ್ತದೆ. ಓದಲು ಕೂತರೆ ಒತ್ತಕ್ಷರಗಳು ತೊಡರುಗಾಲು ಕೊಡುತ್ತವೆ. ಒಂದು ವಾಕ್ಯ ಮುಗಿಸುವ ಹೊತ್ತಿಗೆ ಅದರ ಶುರು ಮರೆತಿರುತ್ತದೆ. ಇಂಗ್ಲಿಷಿನಲ್ಲಿ ಓಡುವ ಮಗುವಿಗೆ ಇಲ್ಲಿ ಕುಂಟಬೇಕಾಗಿ ಬಂದರೆ ಅವಮಾನ ಆಗುತ್ತದೆ, ಅಲ್ವಾ? ಅದರ ಮೇಲೆ ಕಣ್ಣಿನ ವಯಸ್ಸಿನ ಕತೆಯನ್ನು ಕಿವಿಗೂ ಕೊಟ್ಟರೆ ಸಿಟ್ಟು ಬರದೆ ಇರುತ್ತದೆಯೇ?

ಹಾಗಾಗಿ ಎರಡು ಪುಸ್ತಕ ಒಟ್ಟಿಗೆ ಇಟ್ಟುಕೊಳ್ಳಿ. ಒಂದು ನೀವು ಓದಿ ಹೇಳುವುದಕ್ಕೆ, ಇನ್ನೊಂದು ಅವನೇ ಓದುವುದಕ್ಕೆ.

ಓದಿ ಹೇಳುವುದಕ್ಕೆ ನನ್ನ ಮೊದಲ ಆಯ್ಕೆ ಪೂರ್ಣಚಂದ್ರ ತೇಜಸ್ವಿಯವರ 'ಪರಿಸರದ ಕತೆ'. ಮಕ್ಕಳಿಗೆಂದೇ ಬರೆದ ಪುಸ್ತಕ ಅದಲ್ಲ. ಆದರೆ ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ ಬರೆದಿದ್ದಾರೆ. ಬಿಡಿ ಬಿಡಿ ಕತೆಗಳು, ಒಂದನ್ನು ಒಂದೆರಡು ರಾತ್ರಿಯಲ್ಲಿ ಮುಗಿಸಬಹುದು. ನಾಯಿ ಇದೆ, ಹಕ್ಕಿ ಇದೆ, ಕಾಡು ಇದೆ. ಹತ್ತು ವರ್ಷದ ಹುಡುಗನಿಗೆ ಇನ್ನೇನು ಬೇಕು?

ಓದಿ ಹೇಳುವಾಗ ಒಂದೇ ಒಂದು ಕ್ರಮ ಇಟ್ಟುಕೊಳ್ಳಿ. ಕತೆ ಬಿಸಿಯಾದ ಕಡೆ ನಿಲ್ಲಿಸಿ. ಪುಸ್ತಕವನ್ನು ಅವನ ಕೈಗೆ ಸಿಗುವ ಹಾಗೆ ಮಂಚದ ಮೇಲೋ ಕಿಟಕಿ ಕಟ್ಟೆಯ ಮೇಲೋ ಬಿಟ್ಟು ನಿಮ್ಮ ಕೆಲಸಕ್ಕೆ ಹೋಗಿ. "ಮುಂದಿನದು ನೀನೇ ಓದು" ಅಂತ ಮಾತ್ರ ಹೇಳಬೇಡಿ.

ಇದನ್ನು ನನಗೆ ಕಲಿಸಿದ್ದು ಆರನೇ ತರಗತಿಯ ಒಬ್ಬ ಹುಡುಗ. ಪಠ್ಯಪುಸ್ತಕ ತೆಗೆ ಅಂದರೆ ಹೊಟ್ಟೆನೋವು ಬರುತ್ತಿತ್ತು ಅವನಿಗೆ. ಒಂದು ಶನಿವಾರ 'ಕಾಡಿನ ಕತೆಗಳು' ಓದುತ್ತಿದ್ದೆ. ಬೇಟೆಗಾರ ಕೆನೆತ್ ಆಂಡರ್ಸನ್ ಬರೆದ ಅನುಭವಗಳನ್ನು ತೇಜಸ್ವಿ ಕನ್ನಡಕ್ಕೆ ತಂದ ಪುಸ್ತಕ ಅದು, ನಾಲ್ಕು ಭಾಗಗಳಿವೆ. ನಾನು ಓದುತ್ತಿದ್ದದ್ದು ಮೊದಲನೆಯದು, 'ಬೆಳ್ಳಂದೂರಿನ ನರಭಕ್ಷಕ'. ಹುಲಿ ಇನ್ನೂ ಕಣ್ಣಿಗೆ ಬಿದ್ದಿಲ್ಲ, ಅಷ್ಟರಲ್ಲಿ ಗಂಟೆ ಹೊಡೆಯಿತು. ಪುಸ್ತಕ ಮುಚ್ಚಿ ಪೆಟ್ಟಿಗೆಯಲ್ಲಿಟ್ಟೆ. ಮಕ್ಕಳೆಲ್ಲ ಹೋದರು. ಇವನು ಮಾತ್ರ ಚಪ್ಪಲಿ ಹುಡುಕುವವನ ಹಾಗೆ ಜಗಲಿಯಲ್ಲೇ ಸುಳಿದಾಡಿದ. ಆಮೇಲೆ ಬಂದು, "ಅಕ್ಕೋರೆ, ಆ ಪುಸ್ತಕ ಸೋಮವಾರ ತಂದುಕೊಡ್ತೀನಿ" ಅಂದ. ಸೋಮವಾರ ತರಲಿಲ್ಲ. ಮೂರು ವಾರ ತರಲಿಲ್ಲ. ಸಾಲಿನ ಕೆಳಗೆ ಬೆರಳಿಟ್ಟುಕೊಂಡು, ತುಟಿ ಅಲ್ಲಾಡಿಸುತ್ತಾ, ಪೂರ್ತಿ ಓದಿದ. ವಾಪಸು ಕೊಟ್ಟಾಗ ಪ್ರತಿ ಪುಟದ ಅಂಚಿನಲ್ಲೂ ಅವನ ಬೆರಳಿನ ಕೊಳೆ ಇತ್ತು. ಅದನ್ನು ನಾನು ಒರೆಸಲಿಲ್ಲ.

ಇನ್ನು ಅವನೇ ಓದುವ ಪುಸ್ತಕ. ಇಲ್ಲಿ ಸಾಲು ಚಿಕ್ಕದಿರಬೇಕು, ವಿಷಯ ಚಿಕ್ಕದಿರಬಾರದು. ಒಗಟಿನ ಪುಸ್ತಕ ಕೊಡಿ. "ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ." ನಾಲ್ಕೈದು ಮಾತು ಅಷ್ಟೇ. ಆದರೆ ಅದನ್ನು ಓದಿದವನು ಮನೆಯವರನ್ನೆಲ್ಲ ಕೂರಿಸಿ ಕೇಳಬಹುದು, ಅಪ್ಪ ಸೋತಾಗ "ಮಲ್ಲಿಗೆ" ಅಂತ ತಾನೇ ಹೇಳಬಹುದು. ನಾಟಕದ ಪುಸ್ತಕವೂ ಒಳ್ಳೆಯದು. ವೈದೇಹಿಯವರ ಮಕ್ಕಳ ನಾಟಕಗಳನ್ನು ತನ್ನಿ. 'ಧಾಂ ಧೂಂ ಸುಂಟರಗಾಳಿ', 'ನಾಯಿಮರಿ ನಾಟಕ', 'ಗೊಂಬೆ ಮ್ಯಾಕ್‌ಬೆತ್', ಯಾವುದಾದರೂ ಸರಿ. ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದಿ. ಅವನ ಪಾಲಿಗೆ ಬರುವುದು ಒಂದೊಂದು ಸಲಕ್ಕೆ ಒಂದೆರಡು ಸಾಲು. ನೀವು ನಿಮ್ಮ ಮಾತು ಓದುವಾಗ ಅವನ ಕಣ್ಣು ತನ್ನ ಮುಂದಿನ ಮಾತನ್ನು ಮೆಲ್ಲಗೆ ಓದಿಕೊಂಡಿರುತ್ತದೆ. ಅಭ್ಯಾಸ ಅಂತ ಅನ್ನಿಸದೇ ಅಭ್ಯಾಸ ಆಗುತ್ತದೆ.

ಪುಸ್ತಕ ಕಷ್ಟವೋ ಸುಲಭವೋ ಅಂತ ತಿಳಿಯಲು ನಾನು ಮಾಡುತ್ತಿದ್ದದ್ದು ಇಷ್ಟು. ಮಧ್ಯದ ಯಾವುದೋ ಒಂದು ಪುಟ ತೆಗೆದು ಮಗುವಿನಿಂದ ಓದಿಸಿ. ಐದು ಕಡೆಗಿಂತ ಜಾಸ್ತಿ ತಡವರಿಸಿದರೆ ಅದು ನೀವು ಓದಿ ಹೇಳುವ ಪುಸ್ತಕ. ಕಡಿಮೆ ಇದ್ದರೆ ಅವನದು.

ಮಗಳು ಒಂದೇ ಪುಸ್ತಕವನ್ನು ಏಳನೇ ಸಲ ಓದುತ್ತಿದ್ದಾಳೆ. ಬೇರೆ ಕೊಟ್ಟರೆ ಮುಟ್ಟುವುದಿಲ್ಲ.
— ಒಬ್ಬ ತಂದೆ, ತುಮಕೂರು

ಓದಲಿ ಬಿಡಿ. ಗೊತ್ತಿರುವ ದಾರಿಯಲ್ಲಿ ನಡೆಯುವಾಗಲೇ ಅಕ್ಕಪಕ್ಕ ನೋಡಲು ಪುರಸೊತ್ತು ಸಿಗುವುದು. ಏಳನೇ ಸಲಕ್ಕೆ ಅವಳಿಗೆ ಕತೆ ಬೇಕಾಗಿಲ್ಲ, ಆ ಮಾತುಗಳು ಬೇಕಾಗಿವೆ. ಅದೇ ಲೇಖಕರ ಇನ್ನೊಂದು ಪುಸ್ತಕ ತಂದು ಪಕ್ಕದಲ್ಲಿಡಿ, ಏನೂ ಹೇಳಬೇಡಿ.

ನಾನು ಯಾದಗಿರಿ ಜಿಲ್ಲೆಯ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕ. ಊರಿನವರೊಬ್ಬರು ಶಾಲೆಗೆ ಪುಸ್ತಕ ತರಲು 3,000 ರೂಪಾಯಿ ಕೊಟ್ಟಿದ್ದಾರೆ. 4ರಿಂದ 7ನೇ ತರಗತಿಗೆ ಏನು ತರಲಿ?
— ಒಬ್ಬ ಶಿಕ್ಷಕ

ಸರ್, ಮೊದಲು ಏನು ತರಬಾರದು ಅಂತ ಹೇಳುತ್ತೇನೆ. ದಪ್ಪ ರಟ್ಟಿನ, ಚಿನ್ನದ ಅಕ್ಷರದ, ಒಂದಕ್ಕೇ 600–700 ರೂಪಾಯಿ ಆಗುವ ಪುಸ್ತಕ ತರಬೇಡಿ. ಅಂಥದ್ದನ್ನು ಮಕ್ಕಳ ಕೈಗೆ ಕೊಡಲು ಯಾರಿಗೂ ಮನಸ್ಸು ಬರುವುದಿಲ್ಲ. ನಾನು ಮೊದಲು ಸೇರಿದ ಶಾಲೆಯಲ್ಲಿ ಒಂದು ಬೀರು ತುಂಬ ಪುಸ್ತಕ ಇತ್ತು. ಬೀಗದ ಕೈ ಮಾತ್ರ ಮುಖ್ಯೋಪಾಧ್ಯಾಯರ ಮೇಜಿನ ಒಳಗೆ. "ಹರಿದು ಹಾಕುತ್ತಾರೆ, ಆಡಿಟ್‌ನಲ್ಲಿ ನಾನು ಉತ್ತರ ಕೊಡಬೇಕು" ಅನ್ನುತ್ತಿದ್ದರು. ಎರಡು ವರ್ಷ ಗಾಜಿನ ಆಚೆಯಿಂದ ಮಕ್ಕಳು ಪುಸ್ತಕದ ಬೆನ್ನು ಓದಿದರು. ಒಬ್ಬಳು ಹುಡುಗಿಗೆ ಮೇಲಿನ ಸಾಲಿನ ಹೆಸರುಗಳೆಲ್ಲ ಬಾಯಿಪಾಠ ಆಗಿದ್ದವು. ಒಂದನ್ನೂ ಅವಳು ಮುಟ್ಟಿರಲಿಲ್ಲ. ನನ್ನ ತಗಡಿನ ಟ್ರಂಕು ಮನೆಯಿಂದ ಶಾಲೆಗೆ ಬಂದದ್ದು ಆ ವರ್ಷ.

ನ್ಯಾಷನಲ್ ಬುಕ್ ಟ್ರಸ್ಟಿನ 'ನೆಹರು ಬಾಲ ಪುಸ್ತಕಾಲಯ' ಮಾಲೆಯಲ್ಲಿ ತೆಳುವಾದ, ಚಿತ್ರ ಇರುವ, ಅಗ್ಗದ ಪುಸ್ತಕಗಳಿವೆ. ಬೆಂಗಳೂರಿನ ಪ್ರಥಮ್ ಬುಕ್ಸ್‌ನ ಕನ್ನಡ ಪುಸ್ತಕಗಳೂ ಹಾಗೆಯೇ. ಅವುಗಳಲ್ಲಿ ಓದಿನ ಮೂರನೇ, ನಾಲ್ಕನೇ ಹಂತದವನ್ನು ಆರಿಸಿ. ನವಕರ್ನಾಟಕ ಪ್ರಕಾಶನದ ಮಕ್ಕಳ ಪುಸ್ತಕಗಳ ಪಟ್ಟಿಯನ್ನೂ ನೋಡಿ. ಇವುಗಳಿಗೆ ಅರ್ಧ ದುಡ್ಡು ಹಾಕಿ. ಸಂಖ್ಯೆ ಜಾಸ್ತಿ ಆಗುತ್ತದೆ. ಮಕ್ಕಳ ಲೈಬ್ರರಿಗೆ ಸಂಖ್ಯೆ ಮುಖ್ಯ, ಯಾಕೆಂದರೆ ಮಗು ಐದು ತೆಗೆದು ನೋಡಿ ನಾಲ್ಕನ್ನು ವಾಪಸಿಡಬೇಕು. ಆಯ್ಕೆ ಮಾಡುವುದೂ ಓದುವುದರ ಒಂದು ಭಾಗವೇ.

ಉಳಿದ ಅರ್ಧಕ್ಕೆ ಈಗ ಬರೆಯುತ್ತಿರುವವರ ಪುಸ್ತಕ ತನ್ನಿ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ. ಎಲ್ಲಿಂದ ಶುರು ಮಾಡಲಿ ಅನ್ನುವವರಿಗೆ ಆ ಪಟ್ಟಿ ಒಂದು ಹಿಡಿಕೆ. ಮೊದಲ ವರ್ಷ ಕನ್ನಡದಲ್ಲಿ ಅದು ಬಂದದ್ದು ಬೊಳುವಾರು ಮಹಮದ್ ಕುಂಞಿಯವರ 'ಪಾಪು ಗಾಂಧಿ, ಗಾಂಧಿ ಬಾಪು ಆದ ಕತೆ'ಗೆ. ಈಚಿನ ವರ್ಷಗಳಲ್ಲಿ ಬಸು ಬೇವಿನಗಿಡದ ಅವರ 'ಓಡಿ ಹೋದ ಹುಡುಗ', ತಮ್ಮಣ್ಣ ಬೀಗಾರ ಅವರ 'ಬಾವಲಿ ಗುಹೆ', ವಿಜಯಶ್ರೀ ಹಾಲಾಡಿಯವರ 'ಸೂರಕ್ಕಿ ಗೇಟ್', ಕೃಷ್ಣಮೂರ್ತಿ ಬಿಳಿಗೆರೆಯವರ 'ಛೂಮಂತ್ರಯ್ಯನ ಕಥೆಗಳು' ಈ ಪುರಸ್ಕಾರ ಪಡೆದಿವೆ. ನಿಮಗೆ ಇನ್ನೊಂದು ವಿಶೇಷ ಇದೆ. 2019ರಲ್ಲಿ 'ಕಾಡು ಕನಸಿನ ಬೀದಿಗೆ' ಕೃತಿಗೆ ಪುರಸ್ಕಾರ ಪಡೆದ ಚಂದ್ರಕಾಂತ ಕರದಳ್ಳಿಯವರು ನಿಮ್ಮ ಜಿಲ್ಲೆಯ ಶಹಾಪುರದವರು. ಆ ಪುಸ್ತಕವನ್ನು ಮಕ್ಕಳ ಮುಂದೆ ಇಟ್ಟು, "ಇದನ್ನು ಬರೆದವರು ನಮ್ಮ ಶಹಾಪುರದವರು" ಅಂತ ಹೇಳಿ. ಪುಸ್ತಕ ಎಲ್ಲೋ ದೂರದ ಬೆಂಗಳೂರಿನಲ್ಲಿ ಹುಟ್ಟುತ್ತದೆ ಅಂದುಕೊಂಡ ಮಗು ಆ ಮಾತಿಗೆ ತಲೆ ಎತ್ತಿ ನೋಡುತ್ತದೆ.

ಕಂದು ಕಾಗದದ ಬೈಂಡು ಹಾಕಬೇಡಿ. ಮುಖಪುಟ ಮುಚ್ಚಿಹೋದರೆ ಮಗುವಿಗೆ ಎಲ್ಲ ಪುಸ್ತಕವೂ ಒಂದೇ ಥರ ಕಾಣುತ್ತದೆ. ಹರಿದರೆ ಹರಿಯಲಿ, ಒಂದು ಡಬ್ಬಿ ಗೋಂದು ತಂದಿಟ್ಟುಕೊಳ್ಳಿ. ಅಂಟಿಸುವ ಕೆಲಸವನ್ನು ಏಳನೇ ತರಗತಿಯವರಿಗೇ ಕೊಡಿ. ನಮ್ಮಲ್ಲಿ ಪುಸ್ತಕ ಅಂಟಿಸಲು ಕೂತ ಹುಡುಗರು ಅಂಟಿಸುತ್ತಲೇ ಓದುತ್ತಾ ಕೂರುತ್ತಿದ್ದರು.

ಇನ್ನೊಂದು. ನಿಮ್ಮ ಪಂಚಾಯಿತಿ ಗ್ರಂಥಾಲಯಕ್ಕೆ, ಅಂದರೆ ಈಗಿನ ಅರಿವು ಕೇಂದ್ರಕ್ಕೆ, ಮಕ್ಕಳನ್ನು ಸಾಲಾಗಿ ಕರೆದುಕೊಂಡು ಹೋಗಿ ಹೆಸರು ಬರೆಸಿ. 2020ರಲ್ಲಿ ಸರ್ಕಾರದ 'ಓದುವ ಬೆಳಕು' ಕಾರ್ಯಕ್ರಮ ಶುರುವಾದಾಗಿನಿಂದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ನಿಮ್ಮ 3,000 ರೂಪಾಯಿ ಮುಗಿದ ಮೇಲೂ ಅದು ಇರುತ್ತದೆ.

ನಮ್ಮ ಕಾಲದಲ್ಲಿ ಚಂದಮಾಮ ಬಂದರೆ ಮನೆಯಲ್ಲಿ ಜಗಳ. ಈಗ ಮೊಮ್ಮಗನಿಗೆ (9 ವರ್ಷ) ನನ್ನ ಹಳೆಯ ಸಂಚಿಕೆಗಳನ್ನು ಕೊಟ್ಟರೆ ತಿರುವಿಹಾಕಿ ಇಡುತ್ತಾನೆ. ಮೊಬೈಲೇ ಬೇಕು. ಒಳ್ಳೆಯ ಕತೆಗಳ ರುಚಿ ಈ ಮಕ್ಕಳಿಗೆ ಹತ್ತಿಸುವುದು ಹೇಗೆ?
— ಒಬ್ಬ ಅಜ್ಜ, ಮೈಸೂರು

ಅಜ್ಜ, ಆ ಸಂಚಿಕೆಗಳನ್ನು ಇಷ್ಟು ವರ್ಷ ಕಾಪಾಡಿ ಇಟ್ಟಿದ್ದೀರಲ್ಲ, ಅದೇ ದೊಡ್ಡದು. ಆದರೆ ನಿಮಗೆ ಅದು ಬರೀ ಪುಸ್ತಕ ಅಲ್ಲ, ನಿಮ್ಮ ಬಾಲ್ಯ. ಮೊಮ್ಮಗನಿಗೆ ಅದು ಹಳದಿ ಆದ ಕಾಗದ. ಅವನ ಮೇಲೆ ಬೇಜಾರು ಮಾಡಿಕೊಳ್ಳಬೇಡಿ.

ಒಂದು ಬೇತಾಳ ಕತೆ ಆರಿಸಿ. ಅವನ ಕೈಗೆ ಕೊಡಬೇಡಿ, ನೀವೇ ಹೇಳಿ. ಕೊನೆಗೆ ಬೇತಾಳ ಪ್ರಶ್ನೆ ಕೇಳುತ್ತದಲ್ಲ, ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಹೋಳಾಗುತ್ತದೆ ಅಂತ, ಅಲ್ಲಿ ನಿಲ್ಲಿಸಿ. ವಿಕ್ರಮನ ಉತ್ತರ ಓದಬೇಡಿ. ಮೊಮ್ಮಗನ ಉತ್ತರ ಕೇಳಿ. ಅವನದು ವಿಕ್ರಮನ ಉತ್ತರಕ್ಕಿಂತ ಬೇರೆ ಬಂದರೆ ಯಾಕೆ ಅಂತ ಕೇಳಿ, ಪೂರ್ತಿ ಕೇಳಿಸಿಕೊಳ್ಳಿ. ಆಮೇಲೆ ಪುಸ್ತಕ ತೆರೆದು, "ರಾಜ ಏನು ಹೇಳಿದ ನೋಡೋಣ" ಅಂತ ಇಬ್ಬರೂ ಸೇರಿ ಓದಿ. ನನ್ನ ತರಗತಿಯಲ್ಲಿ ಇದಕ್ಕೆ ಗುಂಪು ಕಟ್ಟಿಕೊಂಡು ವಾದ ಮಾಡುತ್ತಿದ್ದರು. ಒಂದು ಸಲ ಊಟದ ಗಂಟೆ ಹೊಡೆದರೂ ಏಳಲಿಲ್ಲ.

ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯನ್ನೂ ಹೀಗೆಯೇ ಬಾಯಿಬಿಟ್ಟು ಓದಬೇಕು. ಅದರ ಮೂಲ ಬ್ರೌನಿಂಗ್ ಕವಿಯ ಇಂಗ್ಲಿಷ್ ಪದ್ಯ, ಜರ್ಮನಿಯ ಒಂದು ಊರಿನ ಕತೆ. ಕುವೆಂಪು ಅದನ್ನು ತುಂಗೆಯ ದಡಕ್ಕೆ ತಂದು ನಿಲ್ಲಿಸಿದರು. ಓದಿದರೆ ತುಂಗೆಯ ದಡದಲ್ಲೇ ಹುಟ್ಟಿತು ಅನ್ನಿಸುತ್ತದೆ. ಇಲಿಗಳು ಸಾಲುಗಟ್ಟಿ ಬರುವ ಕಡೆ ನಿಮ್ಮ ದನಿ ತಾನಾಗಿ ಜೋರಾಗುತ್ತದೆ. ಆ ಹೊತ್ತಿಗೆ ಮೊಬೈಲು ಎಲ್ಲಿದೆ ಅಂತ ಅವನು ಕೇಳುವುದಿಲ್ಲ.

ಮಗನಿಗೆ (11) ಕತೆಯೇ ಬೇಡ. "ನಿಜವಾಗಿ ನಡೆದದ್ದು ಕೊಡು" ಅನ್ನುತ್ತಾನೆ. ಇದು ಸರಿಯೇ?
— ಒಬ್ಬ ತಾಯಿ, ಹುಬ್ಬಳ್ಳಿ

ಖಂಡಿತ ಸರಿ. ಕತೆ ಓದುವವನೇ ಓದುಗ ಅಂತ ನಾವು ಸುಮ್ನೆ ಅಂದುಕೊಂಡಿದ್ದೇವೆ. ತೇಜಸ್ವಿಯವರ ಮಿಲೇನಿಯಂ ಸರಣಿಯಲ್ಲಿ 16 ಪುಸ್ತಕಗಳಿವೆ. 'ಪೆಸಿಫಿಕ್ ದ್ವೀಪಗಳು', 'ಚಂದ್ರನ ಚೂರು', 'ಮಹಾಪಲಾಯನ', ಹೆಸರು ನೋಡಿ ಅವನೇ ಒಂದು ಎತ್ತಿಕೊಳ್ಳಲಿ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ' ಪತ್ರಿಕೆಯೂ ಇಂಥ ಮಕ್ಕಳಿಗೇ. ಹಳೆಯ ಲೈಬ್ರರಿಗಳಲ್ಲಿ ಶಿವರಾಮ ಕಾರಂತರ 'ಬಾಲ ಪ್ರಪಂಚ' ಇನ್ನೂ ಸಿಕ್ಕೀತು. 1936ರಲ್ಲಿ ಒಬ್ಬರೇ ಕೂತು ಮಕ್ಕಳಿಗಾಗಿ ಮೂರು ಸಂಪುಟದ ವಿಶ್ವಕೋಶ ಬರೆದರು. ಅದರ ಮಾಹಿತಿ ಈಗ ಹಳೆಯದು. ಆದರೆ ಮಗುವಿಗೆ ಒಂದು ವಿಷಯ ಹೇಗೆ ಬಿಡಿಸಿ ಹೇಳಬೇಕು ಅಂತ ನೀವು ಅದರಿಂದ ಕಲಿಯಬಹುದು.

ಮಗಳಿಗೆ 11 ವರ್ಷ. ಶಾಲೆಯಿಂದ 'ತೊತ್ತೋಚಾನ್' ತಂದಿದ್ದಳು. ಕೊನೆಕೊನೆಗೆ ಬಿಕ್ಕಿ ಬಿಕ್ಕಿ ಅತ್ತಳು. ರಾತ್ರಿ ಊಟ ಮಾಡಲಿಲ್ಲ. ಈ ವಯಸ್ಸಿಗೆ ಸಾವು ನೋವಿನ ಪುಸ್ತಕ ಯಾಕೆ ಕೊಡಬೇಕು? ಖುಷಿಯ ಪುಸ್ತಕಗಳ ಹೆಸರು ಹೇಳಿ.
— ಒಬ್ಬ ತಾಯಿ, ದಾವಣಗೆರೆ

ಅಮ್ಮನಾಗಿ ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಈ ಪುಸ್ತಕದ ಪರವಾಗಿ ನಾನು ಮಾತಾಡಲೇಬೇಕು.

ಓದದವರಿಗಾಗಿ ಹೇಳುತ್ತೇನೆ. ಜಪಾನಿನ ತೆತ್ಸುಕೊ ಕುರೊಯಾನಾಗಿ ತಮ್ಮ ಬಾಲ್ಯದ ಶಾಲೆಯ ಬಗ್ಗೆ ಬರೆದ ಪುಸ್ತಕ ಇದು, ಮೊದಲು ಬಂದದ್ದು 1981ರಲ್ಲಿ. ತಂಟೆ ಜಾಸ್ತಿ ಅಂತ ಒಂದು ಶಾಲೆಯಿಂದ ಹೊರಗೆ ಹಾಕಿಸಿಕೊಂಡ ಹುಡುಗಿ ಇನ್ನೊಂದು ಶಾಲೆಗೆ ಬರುತ್ತಾಳೆ. ಅಲ್ಲಿ ಹಳೆಯ ರೈಲು ಡಬ್ಬಿಗಳೇ ತರಗತಿಗಳು. ಮುಖ್ಯೋಪಾಧ್ಯಾಯ ಕೊಬಾಯಾಶಿ ಮೊದಲ ದಿನ ಅವಳನ್ನು ಎದುರಿಗೆ ಕೂರಿಸಿಕೊಂಡು, ಏನು ಬೇಕಾದರೂ ಹೇಳು ಅನ್ನುತ್ತಾರೆ. ಅವಳು ನಾಲ್ಕು ಗಂಟೆ ಮಾತಾಡುತ್ತಾಳೆ. ಅವರು ಒಮ್ಮೆಯೂ ಆಕಳಿಸದೆ ಕೇಳುತ್ತಾರೆ. ಇದನ್ನು ಓದಿದ ಮೇಲೆ ಮೂವತ್ತೆಂಟು ಮಕ್ಕಳ ತರಗತಿಯಲ್ಲಿ ನಾಲ್ಕು ನಿಮಿಷವಾದರೂ ಒಂದು ಮಗುವಿನ ಮಾತನ್ನು ಪೂರ್ತಿ ಕೇಳಬೇಕು ಅಂತ ನಾನು ನಿಶ್ಚಯ ಮಾಡಿಕೊಂಡೆ.

ಅದರಲ್ಲಿ ಪೋಲಿಯೊ ಆದ ಯಾಸುವಾಕಿ ಎಂಬ ಹುಡುಗ ಇದ್ದಾನೆ. ತೊತ್ತೋಚಾನ್ ಏಣಿ ಹೊತ್ತು ತಂದು, ಬೆವರು ಸುರಿಸಿ, ಅವನನ್ನು ತನ್ನ ಮರಕ್ಕೆ ಹತ್ತಿಸುತ್ತಾಳೆ. ಅವನು ಜೀವನದಲ್ಲಿ ಹತ್ತಿದ ಮರ ಅದೊಂದೇ. ಮುಂದೆ ಅವನು ತೀರಿಕೊಳ್ಳುತ್ತಾನೆ. ನಿಮ್ಮ ಮಗಳು ಅತ್ತಿದ್ದು ಅಲ್ಲಿ ಇರಬೇಕು. ಅಷ್ಟು ಕಷ್ಟಪಟ್ಟು ಅವನನ್ನು ಮರ ಹತ್ತಿಸಿದವರಲ್ಲಿ ಅವಳೂ ಒಬ್ಬಳು, ಓದುತ್ತಾ ಅವಳೂ ಕೈ ಕೊಟ್ಟಿದ್ದಳು. ಅವಳ ಅಳು ಒಬ್ಬ ಗೆಳೆಯನಿಗಾಗಿ.

ನಮ್ಮೂರ ಕಡೆಯ ಒಂದು ಸಂಗತಿ ಹೇಳುತ್ತೇನೆ. ನಾ. ಡಿಸೋಜ ನಮ್ಮ ಸಾಗರದವರು. ಶರಾವತಿ ಯೋಜನೆಯಲ್ಲಿ ಕೆಲಸ ಮಾಡಿದವರು, ಊರುಗಳು ಲಿಂಗನಮಕ್ಕಿಯ ನೀರಿನಲ್ಲಿ ಮುಳುಗಿದ್ದನ್ನು ಹತ್ತಿರದಿಂದ ಕಂಡವರು. ಅವರ 'ಮುಳುಗಡೆಯ ಊರಿಗೆ ಬಂದವರು' ಮಕ್ಕಳ ಕಾದಂಬರಿಗೆ 2011ರಲ್ಲಿ ಬಾಲ ಸಾಹಿತ್ಯ ಪುರಸ್ಕಾರ ಬಂತು. ಆ ಪುಸ್ತಕ ತರಗತಿಗೆ ತಂದಾಗ ನನಗೂ ಅಳುಕಿತ್ತು. ಹೆಸರು ಓದಿದೆ ಅಷ್ಟೇ. ಹಿಂದಿನ ಸಾಲಿನಿಂದ ಒಬ್ಬಳು, "ನಮ್ಮಜ್ಜಿ ಮನೆ ನೀರಡಿ ಐತಂತೆ ಅಕ್ಕೋರೆ" ಅಂದಳು. ಇನ್ನೊಬ್ಬ, "ನಮ್ದೂ" ಅಂದ. ಹಾಗೆ ಏಳು ಕೈ ಮೇಲೆದ್ದವು. ಐದು ವರ್ಷದಿಂದ ಆ ಮಕ್ಕಳಿಗೆ ಪಾಠ ಮಾಡುತ್ತಿದ್ದೆ, ನನಗೆ ಇದು ಗೊತ್ತಿರಲಿಲ್ಲ. ಮುಂದಿನ ಶನಿವಾರ ಒಬ್ಬ ಅಜ್ಜಿ ಮೊಮ್ಮಗಳ ಜೊತೆ ಬಂದು ಜಗಲಿಯಲ್ಲಿ ಕೂತರು. ಪುಸ್ತಕ ಮುಗಿಯುವ ತನಕ ಪ್ರತಿ ಶನಿವಾರ ಬಂದರು. ಬೇಸಿಗೆಯಲ್ಲಿ ನೀರು ತೀರಾ ಇಳಿದ ವರ್ಷ ಮಡೆನೂರಿನ ಹಳೆಯ ಅಣೆಕಟ್ಟೆ ಹಿನ್ನೀರಿನಿಂದ ಮೇಲೆ ಬರುತ್ತದೆ. ಆ ಕಡೆ ತಮ್ಮ ಗದ್ದೆ ಎಲ್ಲಿತ್ತು ಅಂತ ಅಜ್ಜಿ ಕೈ ಮಾಡಿ ಮಕ್ಕಳಿಗೆ ತೋರಿಸಿದರು. ಯಾರೂ ಗಲಾಟೆ ಮಾಡಲಿಲ್ಲ.

ನೋವಿನ ಪುಸ್ತಕ ಓದುವ ಮಗುವಿನ ಪಕ್ಕ ದೊಡ್ಡವರೊಬ್ಬರು ಇರಬೇಕು, ಅಷ್ಟೇ ಮುಖ್ಯ. "ಅಳಬೇಡ, ಬರೀ ಕತೆ" ಅನ್ನಬೇಡಿ. ಇವತ್ತೇ ನೀವೂ ಆ ಪುಸ್ತಕ ಓದಿ. ಆಮೇಲೆ ಮಗಳನ್ನು ಕೇಳಿ, ಮರ ಹತ್ತಿಸಿದ್ದು ಹೇಗೆ ಅಂತ. ಖುಷಿಯ ಪುಸ್ತಕ ಕೇಳಿದ್ದೀರಿ. ಆರ್.ಕೆ. ನಾರಾಯಣ್ ಅವರ 'ಸ್ವಾಮಿ ಮತ್ತು ಅವನ ಸ್ನೇಹಿತರು' ತನ್ನಿ, ಎಚ್.ವೈ. ಶಾರದಾ ಪ್ರಸಾದ್ ಕನ್ನಡಕ್ಕೆ ತಂದಿದ್ದಾರೆ. ನಗುತ್ತಾಳೆ. ರೈಲ್ವೆ ಸ್ಟೇಷನ್ನಿನಲ್ಲಿ ಮುಗಿಯುವ ಆ ಕೊನೆಯ ಪುಟಗಳಲ್ಲಿ ಗಂಟಲು ಕಟ್ಟಿದರೆ ಅದಕ್ಕೂ ಜೊತೆಗಿರಿ.

ನಾವಿರುವುದು ಅಮೆರಿಕದಲ್ಲಿ. ಮಕ್ಕಳಿಗೆ (8 ಮತ್ತು 11) ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಇಲ್ಲಿ ಪುಸ್ತಕವೂ ಸಿಗುವುದಿಲ್ಲ.
— ಒಬ್ಬ ತಂದೆ, ನ್ಯೂಜೆರ್ಸಿ

ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಪುಸ್ತಕಗಳನ್ನು ಉಚಿತವಾಗಿ ಓದಬಹುದು, ಇಳಿಸಿಕೊಂಡು ಪ್ರಿಂಟ್ ತೆಗೆಯಬಹುದು. ಒಂದೇ ಕತೆ ಇಂಗ್ಲಿಷಿನಲ್ಲೂ ಇರುತ್ತದೆ, ಎರಡನ್ನೂ ಅಕ್ಕಪಕ್ಕ ಇಡಿ. ಊರಿಗೆ ಬಂದಾಗ ತೂಲಿಕಾ ಪ್ರಕಾಶನದ ಎರಡು ಭಾಷೆಯ ಪುಸ್ತಕಗಳನ್ನೂ ಕೇಳಿ ನೋಡಿ. ದೊಡ್ಡವನಿಗೆ ಹಾಸನದ ತಾಯಿಗೆ ಹೇಳಿದ್ದೇ ಉತ್ತರ. ಅದಕ್ಕಿಂತ ಒಳ್ಳೆಯ ದಾರಿ ಇನ್ನೊಂದಿದೆ. ಊರಲ್ಲಿ ಅಜ್ಜಿ ಇದ್ದರೆ, ವಾರಕ್ಕೊಂದು ಸಲ ವಿಡಿಯೊ ಕಾಲಿನಲ್ಲಿ ಪಂಜೆ ಮಂಗೇಶರಾಯರ 'ಸಿಗಡಿ ಯಾಕೆ ಒಣಗಲಿಲ್ಲ' ಓದಿ ಹೇಳಲಿ. ಯಾಕೆ, ಯಾಕೆ ಅಂತ ಒಂದರಿಂದ ಒಂದಕ್ಕೆ ಕೊಂಡಿ ಹಾಕಿಕೊಂಡು ಹೋಗುವ ಕತೆ. ಅದೇ ಮಾತು ಮತ್ತೆ ಮತ್ತೆ ಬರುತ್ತದೆ. ಮೂರನೇ ವಾರಕ್ಕೆ ಮಕ್ಕಳೇ ಮುಂದಿನ ಸಾಲು ಹೇಳುತ್ತಾರೆ.

ಅಕ್ಕೋರೆ, ನಾನು 7ನೇ ತರಗತಿ. ಮಕ್ಕಳ ಪುಸ್ತಕ ಎಲ್ಲಾ ಬೋರು, ಎಲ್ಲದರಲ್ಲೂ ಕೊನೆಗೆ ಬುದ್ಧಿ ಹೇಳುತ್ತಾರೆ. ದೊಡ್ಡವರ ಕಾದಂಬರಿ ಓದಿದರೆ ಅಮ್ಮ ಬೈಯುತ್ತಾರೆ. ನಾನು ಏನು ಓದಲಿ?
— ಒಬ್ಬಳು ಓದುಗಿ, 12 ವರ್ಷ, ಬಳ್ಳಾರಿ

ಮಗಳೇ, ಈ ತಿಂಗಳು ಬಂದ ಕಾಗದಗಳಲ್ಲಿ ನಿನ್ನದನ್ನು ನಾನು ಎರಡು ಸಲ ಓದಿದೆ. ನೀನು ಹೇಳಿದ್ದು ನಿಜ. ನಮ್ಮ ಕನ್ನಡದಲ್ಲಿ ಪುಟಾಣಿಗಳಿಗೆ ಪದ್ಯ ಬೇಕಾದಷ್ಟಿದೆ. ದೊಡ್ಡವರಿಗೆ ಕಾದಂಬರಿ ಬೇಕಾದಷ್ಟಿದೆ. ನಿನ್ನ ವಯಸ್ಸಿನವರಿಗೆ ಕಡಿಮೆ. ನಮ್ಮ ಮಲೆನಾಡಿನಲ್ಲಿ ಹಳ್ಳ ದಾಟಲು ಮರದ ದಿಮ್ಮಿ ಹಾಕುತ್ತಾರೆ, ಸಂಕ ಅನ್ನುತ್ತೇವೆ. ನಿನಗೆ ಈಗ ಬೇಕಾಗಿರುವುದು ಅಂಥ ಪುಸ್ತಕ.

'ಕರ್ವಾಲೊ' ಓದು. ತೇಜಸ್ವಿಯವರದು, 1980ರಲ್ಲಿ ಬಂದದ್ದು. ದೊಡ್ಡವರ ಕಾದಂಬರಿ ಅಂತಲೇ ಎಲ್ಲರೂ ಹೇಳುತ್ತಾರೆ. ಆದರೆ ನನ್ನ ಪೆಟ್ಟಿಗೆಯಲ್ಲಿ ಅದರ ಮೂರು ಪ್ರತಿಗಳು ಸವೆದುಹೋದವು, ಸವೆಸಿದವರೆಲ್ಲ ನಿನ್ನ ವಯಸ್ಸಿನವರು. ಮೂಡಿಗೆರೆ ಕಡೆಯ ಕಾಡು. ಜೇನಿನ ಹುಚ್ಚಿನ ಮಂದಣ್ಣ ಅನ್ನುವ ಹಳ್ಳಿ ಹುಡುಗ. ಅವನನ್ನು ಊರಿನವರು ದಡ್ಡ ಅಂದುಕೊಂಡಿದ್ದಾರೆ. ಕರ್ವಾಲೊ ಎಂಬ ವಿಜ್ಞಾನಿ ಮಾತ್ರ ಅವನ ಕಣ್ಣಿನ ಬೆಲೆ ತಿಳಿದಿದ್ದಾರೆ. ಎಲ್ಲರೂ ಸೇರಿ ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುತ್ತಾರೆ. ಸಿಕ್ಕಿತೋ ಇಲ್ಲವೋ ಹೇಳುವುದಿಲ್ಲ. ಕೊನೆಗೆ ಯಾರೂ ನಿನಗೆ ಬುದ್ಧಿ ಹೇಳುವುದಿಲ್ಲ, ಅಷ್ಟು ಮಾತ್ರ ಭರವಸೆ ಕೊಡುತ್ತೇನೆ. ಮೊದಲ ಇಪ್ಪತ್ತು ಪುಟ ನಿಧಾನ ಅನ್ನಿಸಿದರೆ ಬಿಡಬೇಡ. ಕೆಲವು ಮಾತು ಅರ್ಥವಾಗದಿದ್ದರೆ ಹಾರಿಸು, ತಪ್ಪೇನಿಲ್ಲ.

ಅದು ಹಿಡಿಸಿದರೆ 'ಕಾಡಿನ ಕತೆಗಳು'. ಜನರ ಬಗ್ಗೆ ಓದಬೇಕು ಅನ್ನಿಸಿದರೆ 'ತೊತ್ತೋಚಾನ್'. ಎಲ್ಲವೂ ನಿನಗೆ ಇಷ್ಟವಾಗಬೇಕು ಅಂತಿಲ್ಲ. ಮೂವತ್ತು ಪುಟ ಓದಿಯೂ ಮನಸ್ಸು ಹೋಗಲಿಲ್ಲ ಅಂದರೆ ಮುಚ್ಚಿಡುವ ಹಕ್ಕು ನಿನಗಿದೆ.

ನಿನ್ನ ಅಮ್ಮನಿಗೂ ಒಂದು ಮಾತು. ಅಮ್ಮಾ, ಇವಳು ಓದುವ ಪುಸ್ತಕವನ್ನು ಕಿತ್ತುಕೊಳ್ಳುವ ಬದಲು ಅವಳಿಗಿಂತ ಮೊದಲು ನೀವು ಓದಿ. ಬೇಡ ಅನ್ನಿಸಿದರೆ ಯಾಕೆ ಬೇಡ ಅಂತ ಅವಳಿಗೆ ಹೇಳಿ. ಹನ್ನೆರಡು ವರ್ಷದವಳಿಗೆ ಕಾರಣ ಕೇಳುವ ವಯಸ್ಸಾಯಿತು.

ಮಗಳೇ, 'ಕರ್ವಾಲೊ' ಮುಗಿಸಿದ ಮೇಲೆ ನನಗೆ ಮತ್ತೆ ಬರಿ. ಓತಿ ಕೊನೆಗೆ ಏನು ಮಾಡಿತು, ಅದನ್ನು ನೋಡಿ ನಿನಗೆ ಏನನ್ನಿಸಿತು, ಆ ಎರಡನ್ನೂ ಬರಿ. ನಾನು ಕಾಯುತ್ತಿರುತ್ತೇನೆ.